ನಂದಿ ತಪ್ಪಲಲ್ಲಿ ಶಿರಾಜ್: ತಡವಾಗಿ ಕಟಿಂಗ್ ಮಾಡಿ ಗೆದ್ದ ನನ್ನ ಅನುಭವ

ಶಿರಾಜ್ ಅನ್ನುವ ವೈನ್ ದ್ರಾಕ್ಷಿಯ ಸೆಪ್ಟೆಂಬರ್ ಕಟಿಂಗನ್ನು, ಅಂದರೆ ಹಣ್ಣಿಗಾಗಿ ಬಳ್ಳಿಯ ಕಡ್ಡಿ ಕತ್ತರಿಸುವುದನ್ನು, ನವೆಂಬರ್‌ಗೆ ತಳ್ಳುತ್ತೇನೆ ಅಂದಾಗ ದೊಡ್ಡಬಳ್ಳಾಪುರದ ಈ ಕಡೆ ನಗದವರೇ ಕಡಿಮೆ. ‘ಚಳಿಗೆ ಕಣ್ಣು (ಕಡ್ಡಿಯ ಮೊಗ್ಗು) ಒಡೆಯಲ್ಲ, ಒಡೆದರೂ ಹಣ್ಣು ಏಪ್ರಿಲ್ ಆಲಿಕಲ್ಲಿಗೆ ಸಿಗುತ್ತೆ’ ಅಂದರು. ಈಗ ಅವರಲ್ಲೇ ಕೆಲವರು ನನ್ನ ಸಾಲು ನೋಡಲು ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವೈನ್‌ನವರು ನಮ್ಮ ಜಾಗವನ್ನು ನಂದಿ ಕಣಿವೆ ಅನ್ನುತ್ತಾರೆ. ಬೆಟ್ಟದ ತುದಿ 1,478 ಮೀಟರ್, ನನ್ನ ಹೊಲ 900ರ ಆಸುಪಾಸು. ಕೆಂಪು ಮಣ್ಣು, ಕೆಳಗೆ ಗರಸು. ಅರ್ಕಾವತಿ ಹುಟ್ಟುವುದು ಇದೇ ಬೆಟ್ಟದಲ್ಲಿ, ಆದರೆ ನನ್ನ ಬಳ್ಳಿಗೆ ನೀರು ಬರುವುದು 1,200 ಅಡಿಯ ಬೋರ್‌ನಿಂದ. 1980ರ ದಶಕದಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ವೈನ್ ತಜ್ಞ ಜಾರ್ಜ್ ವೆಸೆಲ್ ಜೊತೆ ಸೇರಿ ಫ್ರೆಂಚ್ ತಳಿಗಳನ್ನು ಪರೀಕ್ಷೆ ಮಾಡಿ ಈ ಸೀಮೆಗೆ ತಂದರು. ನನ್ನಂಥವರು ಇಳಿದದ್ದು ರಾಜ್ಯದ 2007ರ ವೈನ್ ನೀತಿ ಬಂದಮೇಲೆ. ಅಲ್ಲಿವರೆಗೆ ನಮ್ಮದೂ ಚಪ್ಪರದ ಬೆಂಗಳೂರು ನೀಲಿ ದ್ರಾಕ್ಷಿಯೇ.

ನನ್ನ ಕಷ್ಟ ಒಂದೇ, ಹಿಂಗಾರು. ಸೆಪ್ಟೆಂಬರ್ ಕೊನೆಗೆ ಕತ್ತರಿ ಹಾಕಿದರೆ ಹೂವು ಬರುವುದು ಸರಿಯಾಗಿ ಮಳೆ ಹೊತ್ತಿಗೆ. ಡೌನಿ ಅನ್ನುವ ಬೂಜು ರೋಗ ಎಲೆಗೆ ಬಂದರೆ ತಡೆಯಬಹುದು, ಹೂಗೊಂಚಲಿಗೆ ಹತ್ತಿದರೆ ಮುಗಿಯಿತು. ಎಕರೆಗೆ ಐದು ಟನ್ ಅಂದುಕೊಂಡ ಕಡೆ ಒಂದೂವರೆ ಟನ್ ತೂಗಿದ ವರ್ಷಗಳಿವೆ. ಔಷಧಿಗೇ ಎಕರೆಗೆ ನಲವತ್ತು ಸಾವಿರ ಸುರಿಯುತ್ತಿದ್ದೆ. ಮೇಲಿಂದ ಹಣ್ಣು ಕೊಳ್ಳುವ ವೈನ್ ಕಂಪನಿಯವರು ಮೀಟರ್ ಹಿಡಿದು ‘ಬ್ರಿಕ್ಸ್ (ರಸದ ಸಿಹಿಯ ಅಳತೆ) 20 ದಾಟಿಲ್ಲ’ ಅಂತ ಕೆಜಿಗೆ ಹತ್ತು ರೂಪಾಯಿ ಮುರಿಯುತ್ತಿದ್ದರು.

ಅರ್ಧ ಎಕರೆ ಮಾತ್ರ ಬಿಟ್ಟು ನೋಡೋಣ ಅಂತ 2021ರಲ್ಲಿ ನವೆಂಬರ್ ಎರಡನೇ ವಾರಕ್ಕೆ ಕಟಿಂಗ್ ಮಾಡಿದೆ. ಆ ನವೆಂಬರ್ ಮಳೆ ನಿಮಗೂ ನೆನಪಿರುತ್ತೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆ ನೀರಲ್ಲೇ ನಿಂತಿತ್ತು. ನನ್ನ ಉಳಿದ ತೋಟದ ಹೂವೆಲ್ಲ ಬಿಳಿ ಬೂಜು ಹಿಡಿದು ಉದುರಿತು. ಈ ಅರ್ಧ ಎಕರೆಯಲ್ಲಿ ಕಣ್ಣು ಇನ್ನೂ ಊದಿಕೊಂಡಿತ್ತಷ್ಟೇ, ಹಾಳಾಗಲು ಹೂವೇ ಇರಲಿಲ್ಲ! ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಸುಮ್ನೆ ಕೂತೆ. ಮಾರ್ಚ್ ಕೊನೆಗೆ ಬ್ರಿಕ್ಸ್ 24 ಬಂತು. ಹಣ್ಣು ಪೂರ್ತಿ ಮಾಗಿದ್ದರೆ, ಬೀಜ ಅಗಿದಾಗ ಕಡಲೆಕಾಯಿ ಥರ ಕಟುಂ ಅನ್ನಬೇಕು, ಹಸಿರು ಒಗರು ಇರಬಾರದು. ನನ್ನ ತೋಟದಲ್ಲಿ ಹಾಗೆ ಆದದ್ದು ಅದೇ ಮೊದಲು.

ಆದರೂ ಕಂಪನಿ ತಗೊಳ್ಳಲಿಲ್ಲ. ಕ್ರಷಿಂಗ್ ಮುಗಿದಿದೆ, ಟ್ಯಾಂಕ್ ಖಾಲಿ ಇಲ್ಲ ಅಂದರು. ಕಡೆಗೆ ಇನ್ನೊಬ್ಬರು, ಸಣ್ಣ ವೈನರಿಯವರು, ಹಣ್ಣು ಬಾಯಿಗೆ ಹಾಕಿಕೊಂಡು ನೋಡಿ ಕೆಜಿಗೆ 55ರಂತೆ ಒಯ್ದರು. ಈಗಲೂ ಅವರಿಗೇ ಕೊಡುತ್ತೇನೆ.

ಈಗ ಪೂರ್ತಿ ಶಿರಾಜ್ ಹೀಗೇ. ಗೊಂಚಲು ಅರ್ಧಬಣ್ಣಕ್ಕೆ ತಿರುಗಿದಾಗ ಬಣ್ಣದಲ್ಲಿ ಹಿಂದೆ ಬಿದ್ದ ಗೊಂಚಲನ್ನು ಕಿತ್ತು ನೆಲಕ್ಕೆ ಹಾಕುತ್ತೇನೆ. ಮನೆಯವರಿಗೆ ಇವತ್ತಿಗೂ ಇದು ನೋಡಲಾಗುವುದಿಲ್ಲ. ಎಕರೆಗೆ ಮೂರೂವರೆ ಟನ್ ಬಂದರೆ ಸಾಕು, ಎರಡು ಲಕ್ಷದ ಹತ್ತಿರ ಕೈಗೆ ಬರುತ್ತೆ, ಔಷಧಿ ಖರ್ಚು ಅರ್ಧಕ್ಕಿಳಿದಿದೆ. ಚಳಿಯಲ್ಲಿ ಕಣ್ಣು ಒಟ್ಟಿಗೇ ಒಡೆಯಲು ಡಾರ್ಮೆಕ್ಸ್ ಅನ್ನುವ ಕಣ್ಣು ಒಡೆಸುವ ರಾಸಾಯನಿಕದ ಜೊತೆ ಇನ್ನೊಂದು ಸೇರಿಸುತ್ತೇನೆ. ಅದೇನು, ಎಷ್ಟು ಅನ್ನುವುದು ನನ್ನಲ್ಲೇ ಇರಲಿ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕೊಯ್ಲು ತಡವಾದಷ್ಟೂ ಹೊಸ ಕಡ್ಡಿ ಬೆಳೆಸಲು ಕೊಯ್ದಮೇಲೆ ಮಾಡುವ ಬೇಸಿಗೆ ಕಟಿಂಗ್ ತಡ. ಜೂನ್ ಮೋಡಕ್ಕೆ ಮೊದಲೇ ಕಡ್ಡಿಗೆ ಬಿಸಿಲು ಸಿಗದಿದ್ದರೆ ಮುಂದಿನ ವರ್ಷ ಕಣ್ಣಲ್ಲಿ ಹೂವೇ ಇರುವುದಿಲ್ಲ. ಹಾಗಾಗಿ ಕೊಯ್ದ ಎರಡು ವಾರದೊಳಗೆ ಕತ್ತರಿ ಹಿಡಿಯಲೇಬೇಕು. ಕೂಲಿ ಆಳು ಸಿಗದಿದ್ದರೆ ನೀವೇ ಹಿಡಿಯಿರಿ.

ನಡುವೆ ಇನ್ನೊಂದು ಹುಚ್ಚು. ನಾಲ್ಕು ಸಾಲು ಶಿರಾಜನ್ನು 110ಆರ್ ಅನ್ನುವ ಬೇರುತಳಿಯ ಮೇಲೆ ಕಸಿ ಮಾಡಿದೆ, ಉಳಿದದ್ದು ಡಾಗ್‌ರಿಡ್ಜ್. ಡಾಗ್‌ರಿಡ್ಜ್ ಪೊಟ್ಯಾಶ್ ಜಾಸ್ತಿ ಎಳೆಯುತ್ತೆ, ರಸದ ಪಿಎಚ್ (ಏರಿದಷ್ಟೂ ಹುಳಿ ಕಡಿಮೆ) 3.9ರ ಹತ್ತಿರ ಹೋಗಿ ವೈನರಿಯವರಿಗೆ ತಲೆನೋವು. 110ಆರ್‌ನಲ್ಲಿ 3.6 ಆಚೀಚೆ ನಿಂತಿತು. ಬಳ್ಳಿ ಸ್ವಲ್ಪ ಸೊರಗುತ್ತೆ ಅನ್ನುವುದು ಬಿಟ್ಟರೆ ನನಗೆ ಅದೇ ಇಷ್ಟ.

ಬೆಂಗಳೂರು ನೀಲಿಯನ್ನೂ ಹೀಗೇ ತಡಮಾಡಿ ನೋಡಿದೆ. ಸಿಹಿ ಏರಿತು, ಆ ಘಾಟು ವಾಸನೆ ಹೋಗಲಿಲ್ಲ. ಮಾರ್ಕೆಟ್‌ಗೆ ಅದು ಇದ್ದಹಾಗೇ ಸರಿ. ಸೋವಿನ್ಯೋ ಬ್ಲಾಂಕ್ ಅನ್ನುವ ಬಿಳಿ ವೈನ್ ದ್ರಾಕ್ಷಿಗಂತೂ ಈ ಲೆಕ್ಕ ಬೇಡ. ಮಾರ್ಚ್ ಬಿಸಿಲಿಗೆ ಹುಳಿ ಬಿದ್ದುಹೋಗಿ ಸಪ್ಪೆ ರಸ ಬರುತ್ತೆ. ಅದನ್ನು ಸೆಪ್ಟೆಂಬರ್ ಕೊನೆಗೇ ಕತ್ತರಿಸಿ, ಡೌನಿ ಜೊತೆ ಹಳೇ ಥರವೇ ಗುದ್ದಾಡುತ್ತಿದ್ದೇನೆ.