ಮಾರಿಷಸ್‌ನಲ್ಲಿ ಒಂದು ದಿನ: ಕಟಮರಾನ್ ಹತ್ತುವುದು, ಸ್ನಾರ್ಕೆಲ್ ಮಾಡುವುದು ಹೇಗೆ?

‘ಕಟಮರಾನ್’ ಪದದ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಟ್ಟು, ಮರ. ತಮಿಳು ಕರಾವಳಿಯ ಮೀನುಗಾರರು ದಿಮ್ಮಿಗಳನ್ನು ಹಗ್ಗದಲ್ಲಿ ಕಟ್ಟಿ ಕಡಲಿಗೆ ಇಳಿಸುತ್ತಿದ್ದ ತೆಪ್ಪದ ಹೆಸರು ಅದು. ಇಂಗ್ಲಿಷಿಗೆ ಹೋಗಿ ಊರೂರು ಸುತ್ತಿ, ಈಗ ಎರಡು ಒಡಲಿನ ಫೈಬರ್ ಹಾಯಿದೋಣಿಗೆ ಅಂಟಿಕೊಂಡಿದೆ. ಮಾರಿಷಸ್‌ನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಇದನ್ನು ಹತ್ತಿದರೆ ಇಳಿಯುವುದು ಸಂಜೆ ನಾಲ್ಕರ ಹೊತ್ತಿಗೆ.

ಮೊದಲು ದಿಕ್ಕು ಆರಿಸಿಕೊಳ್ಳಿ. ಪೂರ್ವದ ಇಲ್ ಓ ಸೆರ್ಫ್ ದ್ವೀಪದ ಕಡೆಗಿನ ದಾರಿ ಹೆಚ್ಚಾಗಿ ಹವಳದ ದಿಬ್ಬದ ಒಳಗಿನ ಶಾಂತ ನೀರಿನಲ್ಲೇ ಸಾಗುತ್ತದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಅದೇ ಸರಿ. ಜನ ಮಾತ್ರ ಜಾಸ್ತಿ. ಪಶ್ಚಿಮಕ್ಕೆ ಹೋದರೆ ಡಾಲ್ಫಿನ್‌ಗಳು, ಲೆ ಮೋರ್ನ್ ಬೆಟ್ಟದ ನೋಟ. ನನ್ನ ಓಟು ಉತ್ತರಕ್ಕೆ. ಗ್ರ್ಯಾಂಡ್ ಬೇಯಿಂದ ಹೊರಟು, ಕಡಿದಾದ ಬಂಡೆಯಂಥ ಕ್ವಾಂ ದ ಮಿರ್ ದ್ವೀಪದ ಪಕ್ಕ ಹಾದು, ಫ್ಲ್ಯಾಟ್ ಐಲೆಂಡ್ ಮತ್ತು ಗೇಬ್ರಿಯಲ್ ಐಲೆಂಡ್ ಸೇರುವ ದಾರಿ. ಇಲ್ಲಿ ನಿಜವಾದ ಕಡಲು ಸಿಗುತ್ತದೆ. ಹೊಟ್ಟೆ ತೊಳಸುವುದೂ ಇಲ್ಲೇ.

ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಆಗ್ನೇಯದ ಗಾಳಿ ಜೋರು. ನವೆಂಬರ್, ಡಿಸೆಂಬರ್ ಅಥವಾ ಏಪ್ರಿಲ್, ಮೇ ಸಿಕ್ಕಿದರೆ ಬಿಡಬೇಡಿ. ಸಸ್ಯಾಹಾರಿಗಳಾದರೆ ಬುಕ್ ಮಾಡುವಾಗಲೇ ಹೇಳಿಬಿಡಿ. ಇಲ್ಲದಿದ್ದರೆ ಬಾರ್ಬೆಕ್ಯೂ ಮೀನಿನ ಹೊಗೆಯಲ್ಲಿ ಕೂತು ಬ್ರೆಡ್ಡು, ಸಲಾಡ್ ತಿನ್ನಬೇಕಾಗುತ್ತದೆ.

ವಾಂತಿ ಬರುವವರು ಮಾತ್ರೆಯನ್ನು ವೈದ್ಯರನ್ನು ಕೇಳಿ, ಹೊರಡುವ ಮೊದಲೇ ನುಂಗಬೇಕು. ದೋಣಿ ಅಲ್ಲಾಡಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಅನುಮಾನ. ಖಾಲಿ ಹೊಟ್ಟೆಯೂ ಬೇಡ, ಹೋಟೆಲಿನ ಬಫೆ ಪೂರ್ತಿ ಖಾಲಿ ಮಾಡುವುದೂ ಬೇಡ. ನಾನು ಎರಡನೆಯ ತಪ್ಪು ಮಾಡಿದವನು. ಕ್ವಾಂ ದ ಮಿರ್ ದಾಟುವಷ್ಟರಲ್ಲಿ ತಿಂಡಿಯೆಲ್ಲ ಮೀನಿನ ಪಾಲಾಯಿತು. ಎರಡು ಒಡಲಿರುವುದರಿಂದ ಕಟಮರಾನ್ ಒಂದು ಪಕ್ಕಕ್ಕೆ ವಾಲುವುದು ಕಡಿಮೆ, ಆದರೆ ಚಿಕ್ಕ ಚಿಕ್ಕ ಕುಲುಕಾಟ ಇದ್ದೇ ಇರುತ್ತದೆ. ಹಿಂದುಗಡೆ, ನಡುಭಾಗದಲ್ಲಿ ಕೂತು ದಿಗಂತ ನೋಡುತ್ತಿರಿ. ಫೋನ್ ನೋಡಬೇಡಿ, ಕೆಳಗಿನ ಕ್ಯಾಬಿನ್‌ಗೆ ಇಳಿಯಲೇಬೇಡಿ. ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಬಿಗಿದ ಬಲೆಯ ಮೇಲೆ ಮಲಗುವುದು ಫೋಟೊಗೆ ಚೆಂದ. ಅಲ್ಲಿ ಕೂತರೆ ನೆನೆಯುವುದು ಗ್ಯಾರಂಟಿ.

ಉತ್ತರಕ್ಕೆ ಹೋಗುವಾಗ ಗಾಳಿ ಸಾಮಾನ್ಯವಾಗಿ ಹಿಂದಿನಿಂದ, ಓರೆಯಾಗಿ ಬೀಸುತ್ತದೆ. ಹಾಯಿ ಬಿಚ್ಚಿ ಎಂಜಿನ್ ನಿಲ್ಲಿಸಿದರೆ ನೀರಿನ ಸದ್ದು ಬಿಟ್ಟು ಬೇರೇನೂ ಕೇಳದು. ಸಿಬ್ಬಂದಿಯನ್ನು ಕೇಳಿದರೆ ಹಗ್ಗ ಎಳೆಯಲು ನಿಮ್ಮನ್ನೂ ಕರೆದಾರು. ವಾಪಸ್ ಬರುವಾಗ ಗಾಳಿ ಮುಖದ ಕಡೆಗೆ. ಆಗ ಎಂಜಿನ್ನೇ ಗತಿ.

ಇನ್ನು ಸ್ನಾರ್ಕೆಲ್. ಅಂದರೆ ಮಾಸ್ಕ್ ತೊಟ್ಟು, ಉಸಿರಾಡುವ ನಳಿಗೆಯನ್ನು ಬಾಯಲ್ಲಿ ಕಚ್ಚಿ, ಬೋರಲಾಗಿ ತೇಲುತ್ತ ನೀರೊಳಗೆ ನೋಡುವುದು. ನಮ್ಮಂಥ ಬಯಲುಸೀಮೆಯವರ ಹೆದರಿಕೆ ಒಂದೇ: ಈಜು ಬರಲ್ಲ. ಆದರೆ ಉಪ್ಪುನೀರು ಮೈಯನ್ನು ಎತ್ತಿ ಹಿಡಿಯುತ್ತದೆ, ಲೈಫ್ ಜಾಕೆಟ್ ತೊಟ್ಟರೆ ಮುಳುಗಿಸಿದರೂ ಮುಳುಗುವುದಿಲ್ಲ. ಜನ ಕಂಗಾಲಾಗುವುದು ಉಸಿರಿನ ವಿಷಯಕ್ಕೆ. ಮುಖ ನೀರೊಳಗೆ ಹೋದ ಕೂಡಲೇ ಮನಸ್ಸು ‘ಉಸಿರು ಬಿಗಿಹಿಡಿ’ ಅನ್ನುತ್ತದೆ. ನೀವು ಅದಕ್ಕೆ ಉಲ್ಟಾ ಮಾಡಬೇಕು. ಬಾಯಲ್ಲಿ ನಿಧಾನವಾಗಿ, ಉದ್ದಕ್ಕೆ ಎಳೆದುಕೊಳ್ಳಿ, ಅಷ್ಟೇ ಉದ್ದಕ್ಕೆ ಬಿಡಿ. ಹೊರಡುವ ಮೊದಲು ಊರಿನ ಈಜುಕೊಳದಲ್ಲಿ ಹತ್ತು ನಿಮಿಷ ಇದನ್ನೇ ಅಭ್ಯಾಸ ಮಾಡಿ. ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಒಮ್ಮೆ ಇಳಿದಿದ್ದರಂತೂ ಅರ್ಧ ಕೆಲಸ ಮುಗಿದಂತೆ.

ಮಾಸ್ಕ್ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದುಕೊಂಡು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮದು. ಬಿದ್ದರೆ ಬೇರೆ ಕೇಳಿ, ನಾಚಿಕೆ ಬೇಡ. ಕೂದಲ ಒಂದು ಎಳೆ ಸಿಕ್ಕಿಕೊಂಡರೂ ನೀರು ಜಿನುಗುತ್ತದೆ. ಮೀಸೆ ಇದ್ದವರ ಕಷ್ಟ ಇನ್ನೂ ದೊಡ್ಡದು. ನನ್ನದು ಅರ್ಧ ಇಂಚಿನ ಮೀಸೆ. ಎಷ್ಟು ಬಿಗಿದರೂ ಮೂಗಿನ ಕೆಳಗಿಂದ ನೀರು ಬರುತ್ತಲೇ ಇತ್ತು. ಬಿಗಿದಷ್ಟೂ ಸೋರುವುದು ಹೆಚ್ಚು ಅಂತ ತಿಳಿದದ್ದು ಆಮೇಲೆ. ಮೇಲ್ತುಟಿಯ ಹತ್ತಿರ ಸ್ವಲ್ಪ ಟ್ರಿಮ್ ಮಾಡಿಕೊಂಡು ಹೋಗಿ. ಗಾಜು ಮಂಜಾಗದಂತೆ ಒಳಗೆ ಉಗುಳಿ, ಉಜ್ಜಿ, ತೊಳೆಯಿರಿ. ಅಸಹ್ಯ ಅನ್ನಿಸಿದರೂ ಇದರಷ್ಟು ಸುಲಭದ ಉಪಾಯ ಇನ್ನೊಂದಿಲ್ಲ.

ನಳಿಗೆಗೆ ನೀರು ನುಗ್ಗಿದರೆ ‘ಥೂ’ ಅನ್ನುವಂತೆ ಜೋರಾಗಿ ಒಮ್ಮೆ ಊದಿ, ಖಾಲಿಯಾಗುತ್ತದೆ. ಗಾಬರಿಯಾದರೆ ಅಂಗಾತ ತಿರುಗಿ ತೇಲಿ, ಕೈ ಎತ್ತಿ. ಕಾಲನ್ನು ಮಂಡಿಯಿಂದ ಸೈಕಲ್ ತುಳಿದಂತೆ ಆಡಿಸದೆ ಸೊಂಟದಿಂದ ಬೀಸಿ. ಒಬ್ಬರೇ ಹೋಗಬೇಡಿ. ಫ್ಲ್ಯಾಟ್, ಗೇಬ್ರಿಯಲ್ ದ್ವೀಪಗಳ ನಡುವೆ ಸೆಳೆತವಿದೆ, ಸಿಬ್ಬಂದಿ ತೋರಿಸಿದ ಜಾಗ ದಾಟಬೇಡಿ. ಹವಳದ ಮೇಲೆ ಕಾಲಿಡಲೇಬೇಡಿ. ಅದು ಜೀವವಿರುವ ವಸ್ತು, ಜೊತೆಗೆ ಅಲ್ಲಿ ಮುಳ್ಳಿನ ಕಡಲ ಅರ್ಚಿನ್ ಮತ್ತು ಕಲ್ಲಿನಂತೆ ಬಿದ್ದಿರುವ ವಿಷದ ಸ್ಟೋನ್‌ಫಿಶ್ ಇರುತ್ತವೆ. ಸುಮ್ನೆ ತೇಲುತ್ತಿದ್ದರೆ ಮೀನುಗಳೇ ಹತ್ತಿರ ಬರುತ್ತವೆ. ಕಿವಿ ನೀರಲ್ಲಿದ್ದರೆ ಗಿಳಿಮೀನು ಹವಳ ಕೆರೆಯುವ ಕರಕರ ಸದ್ದು ಕೇಳಿಸೀತು. ಅದು ಕೆರೆದು ನುಂಗಿದ್ದು ಮರಳಾಗಿ ಹೊರಬರುತ್ತದೆ. ನೀವು ಟವೆಲ್ ಹಾಸಿ ಮಲಗುವ ಬಿಳಿ ಮರಳಿನಲ್ಲಿ ಅದರ ಪಾಲೂ ಇದೆ!

ಸನ್‌ಸ್ಕ್ರೀನ್ ಮುಖಕ್ಕಿಂತ ಮುಖ್ಯವಾಗಿ ಕತ್ತಿನ ಹಿಂಭಾಗಕ್ಕೆ, ಮೀನಖಂಡಕ್ಕೆ ಬೇಕು. ಬೋರಲಾಗಿ ತೇಲುವಾಗ ಸುಡುವುದು ಅವೇ. ಆ ಕ್ರೀಮ್ ನೀರಿಗೆ ಸೇರದಂತೆ, ಹವಳಕ್ಕೂ ಒಳ್ಳೆಯದು ಅಂದರೆ ಸುಮ್ನೆ ತುಂಬುತೋಳಿನ ಟೀಶರ್ಟ್ ತೊಟ್ಟು ಇಳಿಯುವುದು. ರಮ್ ಸುರಿಯುತ್ತಾರೆ ನಿಜ, ನೀರಿಗಿಳಿಯುವ ಕೆಲಸ ಪೂರ್ತಿ ಮುಗಿದ ಮೇಲೆ ಮುಟ್ಟಿ.

ಊಟದ ಹೊತ್ತಿಗೆ ಗೇಬ್ರಿಯಲ್‌ನ ಮರಳಿನಿಂದ ಎದುರಿಗೆ ಫ್ಲ್ಯಾಟ್ ಐಲೆಂಡಿನ ಹಳೆಯ ದೀಪಸ್ತಂಭ ಕಾಣುತ್ತದೆ. ಇಷ್ಟು ಚೆಂದದ ಈ ಜಾಗದಲ್ಲೇ, 1856ರಲ್ಲಿ ಕಲ್ಕತ್ತಾದಿಂದ ಬಂದ ಎರಡು ಹಡಗುಗಳ ಕೂಲಿಕಾರರನ್ನು ಕಾಲರಾ ಭಯಕ್ಕೆ ಇಳಿಸಿ ದೂರವಿಟ್ಟಿದ್ದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಭಾರತದಿಂದ ಮಾರಿಷಸ್‌ಗೆ ಕೂಲಿಗಳನ್ನು ಕಳಿಸುವುದನ್ನೇ ಕೆಲಕಾಲ ನಿಲ್ಲಿಸಲಾಯಿತು. ಮರುದಿನ ಬಿಡುವಿದ್ದರೆ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ಗೆ, ಅಂದರೆ ಕೂಲಿಕಾರರು ಬಂದಿಳಿಯುತ್ತಿದ್ದ ಕಟ್ಟೆಗೆ ಹೋಗಿ. 1834ರಿಂದ ಸುಮಾರು ಐದು ಲಕ್ಷ ಕೂಲಿಕಾರರು ಬಂದ ಕಥೆ ಅಲ್ಲಿದೆ.

ಮರುದಿನವೇ ವಿಮಾನವೆಂದರೂ ಚಿಂತೆಯಿಲ್ಲ. ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾ ಮಾಡಿದವರು ವಿಮಾನ ಹತ್ತಲು ಸಾಮಾನ್ಯವಾಗಿ 12ರಿಂದ 18 ಗಂಟೆಯಾದರೂ ಕಾಯಬೇಕು, ನೀರ ಮೇಲೇ ತೇಲುವ ಸ್ನಾರ್ಕೆಲ್‌ಗೆ ಆ ಕಟ್ಟುಪಾಡಿಲ್ಲ. ಒದ್ದೆ ಬಟ್ಟೆಗೆಂದು ನೀರು ಸೋರದ ಒಂದು ಚೀಲ ಮಾತ್ರ ಮರೆಯಬೇಡಿ.