ತಂಡದ ಬೆನ್ನಿಗೆ ಪುತ್ತೂರಿನವರೆಗೆ: ವಾರಾಂತ್ಯದ ಕಬಡ್ಡಿ ಪಯಣವನ್ನು ನಾವು ಹೊಂದಿಸಿಕೊಂಡ ಬಗೆ

ಕಾಲೇಜು ತಂಡವೊಂದರ ಆಟ ನೋಡಲು ಪರವೂರಿಗೆ ಹೊರಡುವವರಿಗೆ ಇಂಥ ದಿನ ಇಂಥ ಗಂಟೆಗೆ ಪಂದ್ಯವಿದೆ ಎಂದು ಮುಂಚಿತವಾಗಿ ಖಚಿತಪಡಿಸುವವರು ಯಾರೂ ಇರುವುದಿಲ್ಲ. ಪ್ರೊ ಕಬಡ್ಡಿಯಾದರೆ ವೇಳಾಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ, ಟಿಕೆಟ್ ಕೈಯಲ್ಲಿರುತ್ತದೆ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಎಷ್ಟು ತಂಡಗಳು ಬಂದಿವೆ, ಯಾವ ಗುಂಪಿನಲ್ಲಿ ಯಾರು ಸೇರಿದ್ದಾರೆ ಎಂಬುದು ಸ್ಪಷ್ಟವಾಗುವುದೇ ಹಿಂದಿನ ಸಂಜೆ ತಂಡದ ವ್ಯವಸ್ಥಾಪಕರೆಲ್ಲ ಕುಳಿತು ಚೀಟಿ ಎತ್ತಿದ ಮೇಲೆ. ಆ ಬಳಿಕವೂ ಉದ್ಘಾಟನೆಯ ಭಾಷಣಗಳು ಮುಗಿಯುವುದನ್ನು, ತಡವಾಗಿ ತಲುಪುವ ತಂಡವನ್ನು ಅವಲಂಬಿಸಿ ಆಟದ ಹೊತ್ತು ಹಿಂದೆ ಮುಂದೆ ಸರಿಯುತ್ತದೆ. ಹೀಗಾಗಿ ಪಯಣವನ್ನು ಆಟದ ಸುತ್ತ ಕಟ್ಟಬೇಕೇ ಹೊರತು ಪಯಣದ ನಡುವೆ ಆಟವನ್ನು ತುರುಕಲು ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಳೆದ ಚಳಿಗಾಲದಲ್ಲಿ ನಾವು ನಾಲ್ವರು ಗೆಳತಿಯರು ಬೆಂಗಳೂರಿನಿಂದ ಪುತ್ತೂರಿಗೆ ಹೋಗಿಬಂದದ್ದನ್ನು ಇಲ್ಲಿ ಬರೆಯುತ್ತಿರುವುದು, ಇಂಥ ಪಯಣಕ್ಕೆ ಮನಸ್ಸು ಮಾಡುವ ಇತರರಿಗೆ ಉಪಯೋಗವಾಗಲೆಂಬ ಉದ್ದೇಶದಿಂದ.

ನಾವು ಬೆಂಬಲಿಸುವುದು ಜಯನಗರದಲ್ಲಿ ನಾವೇ ಓದಿದ ಕಾಲೇಜಿನ ಮಹಿಳಾ ಕಬಡ್ಡಿ ತಂಡವನ್ನು. ನಮ್ಮ ಕಾಲದಲ್ಲಿ ಕಟ್ಟಡದ ಹಿಂದಿನ ಮಣ್ಣಿನ ಅಂಕಣದಲ್ಲಿ ಮೊಣಕೈ ತರಚಿಕೊಂಡು ಅಭ್ಯಾಸ ಮಾಡುತ್ತಿದ್ದೆವು. ಈಗಿನ ಹುಡುಗಿಯರಿಗೆ ಮ್ಯಾಟ್ ಇದೆ, ಮ್ಯಾಟಿಗೆ ತಕ್ಕ ಶೂ ಇದೆ. ಬದಲಾಗದೆ ಉಳಿದಿರುವುದು ಖಾಲಿ ಪ್ರೇಕ್ಷಕರ ಸಾಲು. ಬೆಂಗಳೂರಿನ ಕಾಲೇಜುಗಳಲ್ಲಿ ಕ್ರಿಕೆಟ್ ಪಂದ್ಯಕ್ಕೆ ಸೇರುವ ಜನದಲ್ಲಿ ಕಾಲು ಭಾಗವೂ ಹೆಣ್ಣುಮಕ್ಕಳ ಕಬಡ್ಡಿಗೆ ಸೇರುವುದನ್ನು ನಾನು ಕಂಡಿಲ್ಲ. ಪರವೂರಿಗೆ ಹೋದಾಗಲಂತೂ ಅವರ ಪರವಾಗಿ ಕೂಗುವವರು ಬೆಂಚಿನ ಮೇಲಿನ ಬದಲಿ ಆಟಗಾರ್ತಿಯರು ಮತ್ತು ಜೊತೆಗೆ ಹೋದ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕಿ) ಮೇಡಂ, ಅಷ್ಟೇ. 2010ರ ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಕಾರ್ಕಳ ಕಡೆಯ ಮಮತಾ ಪೂಜಾರಿಯವರೂ ಬೆಂಗಳೂರಿನ ತೇಜಸ್ವಿನಿ ಬಾಯಿಯವರೂ ಇದ್ದರು. ಅಂಥ ಪರಂಪರೆಯಿರುವ ರಾಜ್ಯದಲ್ಲಿ ನಮ್ಮ ಹುಡುಗಿಯರು ಖಾಲಿ ಸಾಲುಗಳ ಮುಂದೆ ಆಡಬಾರದು ಎನ್ನುವ ಹಟದಿಂದಲೇ ನಾವು ಹೊರಡುತ್ತೇವೆ.

ಸಿದ್ಧತೆಯ ಮೊದಲ ಹೆಜ್ಜೆ ಪಿ.ಡಿ. ಮೇಡಂ ಅವರೊಂದಿಗಿನ ಮಾತುಕತೆ. ಪಂದ್ಯಾವಳಿ ಲೀಗ್ ಮಾದರಿಯದೋ, ಸೋತ ಕೂಡಲೇ ಹೊರಬೀಳುವ ನಾಕೌಟ್ ಮಾದರಿಯದೋ ಎಂಬುದನ್ನು ಎಲ್ಲಕ್ಕಿಂತ ಮುಂಚೆ ಕೇಳಬೇಕು. ನಾಕೌಟ್ ಆದರೆ ಮುನ್ನೂರು ಕಿಲೋಮೀಟರ್ ಕ್ರಮಿಸಿ ತಲುಪುವಷ್ಟರಲ್ಲಿ ತಂಡ ಗಂಟು ಕಟ್ಟಿಕೊಂಡು ವಾಪಸು ಹೊರಟಿರಬಹುದು. ಲೀಗ್ ಹಂತ ಇದ್ದರೆ ತಂಡಕ್ಕೆ ಕನಿಷ್ಠ ಎರಡು ಪಂದ್ಯಗಳಾದರೂ ಸಿಗುತ್ತವೆ, ನಮಗೆ ನೋಡಲು ಆಟ ಉಳಿದಿರುತ್ತದೆ. ಪುತ್ತೂರಿನದು ಲೀಗ್ ಮತ್ತು ನಾಕೌಟ್ ಎರಡೂ ಸೇರಿದ ಪಂದ್ಯಾವಳಿ. ಶನಿವಾರ ಲೀಗ್ ಪಂದ್ಯಗಳು, ಭಾನುವಾರ ಸೆಮಿಫೈನಲ್ ಮತ್ತು ಫೈನಲ್. ಇಷ್ಟು ತಿಳಿದ ಮೇಲೆ ನಾವು ಮೂರು ಕೆಲಸ ಮಾಡಿದೆವು. ಶನಿವಾರ ರಾತ್ರಿಗೂ ಭಾನುವಾರ ರಾತ್ರಿಗೂ ಬಸ್ ನಿಲ್ದಾಣದ ಹತ್ತಿರದ ವಸತಿಗೃಹದಲ್ಲಿ ಎರಡು ಕೋಣೆ ಹೇಳಿ, ಎರಡನೆಯ ರಾತ್ರಿಯನ್ನು ಭಾನುವಾರ ಮಧ್ಯಾಹ್ನದವರೆಗೆ ರದ್ದು ಮಾಡಲು ಒಪ್ಪಿಗೆ ಪಡೆದುಕೊಂಡೆವು. ಕಚೇರಿಯಲ್ಲಿ ಸೋಮವಾರದ ಅರ್ಧ ದಿನದ ರಜೆಯನ್ನು ಎಲ್ಲರೂ ಮೊದಲೇ ಮಂಜೂರು ಮಾಡಿಸಿಕೊಂಡೆವು. ಭಾನುವಾರ ಮಧ್ಯಾಹ್ನ ಮೂರರೊಳಗೆ ಪುತ್ತೂರು ಬಿಡಲಾಗದಿದ್ದರೆ ಅಂದು ಹೊರಡುವುದೇ ಇಲ್ಲ ಎಂದು ತೀರ್ಮಾನಿಸಿದೆವು. ಈ ಕೊನೆಯ ಮಾತನ್ನು ಮನೆಯಲ್ಲಿದ್ದಾಗಲೇ ಆಡಿ ಮುಗಿಸಿರುವುದು ಬಹಳ ಮುಖ್ಯ. ಫೈನಲ್ಲಿನ ಉತ್ಸಾಹದಲ್ಲಿ ಕುಳಿತವರು ಸಂಜೆ ಏಳಕ್ಕೆ ಎದ್ದು, ಕತ್ತಲಲ್ಲಿ ಶಿರಾಡಿ ಘಾಟಿ ಹತ್ತಲು ಹೊರಡುವುದು ನನಗೆ ಸರಿಕಾಣುವುದಿಲ್ಲ.

ಬೆಂಗಳೂರಿನಿಂದ ಪುತ್ತೂರಿಗೆ ಸುಮಾರು 310 ಕಿಲೋಮೀಟರ್. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ, ಘಾಟಿ ಇಳಿದು ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ. ಅಲ್ಲಿಯವರೆಗೆ ರಾಷ್ಟ್ರೀಯ ಹೆದ್ದಾರಿ 75. ಉಪ್ಪಿನಂಗಡಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಹನ್ನೆರಡು ಕಿಲೋಮೀಟರಿನಲ್ಲಿ ಪುತ್ತೂರು. ನಾವು ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಜಯನಗರ ಬಿಟ್ಟೆವು. ಇದಕ್ಕೆ ಕಾರಣ ಒಂದೇ: ವಾರಾಂತ್ಯದಲ್ಲಿ ಊರಿಂದ ಹೊರಹೋಗುವ ವಾಹನಗಳು ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ಸಾಲುಗಟ್ಟುವ ಮೊದಲೇ ಆ ಭಾಗವನ್ನು ದಾಟಿಬಿಡಬೇಕು. ಐದೂವರೆಗೆ ಹೊರಟರೆ ಅಲ್ಲಿ ಕಳೆದುಕೊಳ್ಳುವ ಸಮಯವನ್ನು ಮುಂದೆ ಎಲ್ಲಿಯೂ ಮರಳಿ ಪಡೆಯಲಾಗದು, ಪಡೆಯಲೆಂದು ವೇಗ ಹೆಚ್ಚಿಸುವುದೂ ತಪ್ಪು. ಹಾಸನದವರೆಗಿನ ರಸ್ತೆ ಚೆನ್ನಾಗಿದೆ, ಅದರ ಬಗ್ಗೆ ಹೇಳಬೇಕಾದದ್ದೇನೂ ಇಲ್ಲ. ಹಾಸನ ದಾಟಿದ ಮೇಲೆ ಚತುಷ್ಪಥ ಕಾಮಗಾರಿ ನಡೆದ ಜಾಗಗಳಲ್ಲಿ ರಸ್ತೆ ಇದ್ದಕ್ಕಿದ್ದಂತೆ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುತ್ತದೆ. ಚಳಿಗಾಲದ ಬೆಳಗ್ಗೆ ಸಕಲೇಶಪುರದ ಆಸುಪಾಸಿನಲ್ಲಿ ಮಂಜೂ ಸೇರಿಕೊಳ್ಳುವುದರಿಂದ ಮುಂದಿನ ಲಾರಿಯ ಹಿಂದೀಪವನ್ನು ನೋಡುತ್ತ ನಿಧಾನವಾಗಿ ಸಾಗುವುದೇ ಕ್ಷೇಮ.

ಶಿರಾಡಿ ಘಾಟಿಯ ಹಳೆಯ ಹೊಂಡಗಳ ಕಥೆಯನ್ನು ಕೇಳಿ ಹೆದರಿದವರು ಈಗಲೂ ಇದ್ದಾರೆ. ಎರಡು ಹಂತಗಳಲ್ಲಿ, 2015ರಲ್ಲಿ ಒಂದು ಭಾಗಕ್ಕೆ, 2018ರಲ್ಲಿ ಉಳಿದ ಭಾಗಕ್ಕೆ ಕಾಂಕ್ರೀಟ್ ಹಾಕಿದ ಮೇಲೆ ಹೊಂಡದ ಸಮಸ್ಯೆ ಬಹುಮಟ್ಟಿಗೆ ನೀಗಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವ ಭಯ ಮಾತ್ರ ಹೋಗಿಲ್ಲ. ದೋಣಿಗಲ್ ಬಳಿ ಅಂಥ ಕುಸಿತಗಳು ಮರುಕಳಿಸಿವೆ. ಆದ್ದರಿಂದ ಜುಲೈ, ಆಗಸ್ಟ್ ತಿಂಗಳ ಪಂದ್ಯಗಳಿಗೆ ನಾವು ಕಾರಿನಲ್ಲಿ ಘಾಟಿ ಇಳಿಯುವುದಿಲ್ಲ. ಒಣಹವೆಯಲ್ಲಿ ಇಳಿಯುವಾಗ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಂಜಿನ್ನಿನ ಹಿಡಿತದ ಮೇಲೆಯೇ ಕಾರನ್ನು ಬಿಡಬೇಕು, ಬ್ರೇಕ್ ಒತ್ತಿಕೊಂಡೇ ಇರಬಾರದು. ಮಂಗಳೂರು ಬಂದರಿನ ಕಡೆಗೆ ಹೋಗಿಬರುವ ಟ್ಯಾಂಕರುಗಳೂ ಸರಕು ಲಾರಿಗಳೂ ತುಂಬಿರುವ ದಾರಿ ಇದು. ತಿರುವಿನಲ್ಲಿ ಅವುಗಳಿಗೆ ರಸ್ತೆಯ ಪೂರ್ಣ ಅಗಲ ಬೇಕಾಗುತ್ತದೆಂಬುದನ್ನು ನೆನಪಿಟ್ಟುಕೊಂಡು ಹಿಂದೆಯೇ ಉಳಿಯುವುದು ಒಳ್ಳೆಯದು. ಸ್ಟೀರಿಂಗನ್ನು ನಾವು ಹಾಸನದಲ್ಲಿ ತಿಂಡಿಗೆ ನಿಂತಾಗ ಒಮ್ಮೆ ಬದಲಾಯಿಸಿಕೊಂಡೆವು. ಘಾಟಿಯ ಭಾಗವನ್ನು ಮಡಿಕೇರಿಯಲ್ಲಿ ಹುಟ್ಟಿ ಬೆಳೆದ, ತಿರುವುಗಳ ಅಭ್ಯಾಸವಿರುವ ಗೆಳತಿಗೇ ಬಿಟ್ಟೆವು. ಹನ್ನೊಂದೂವರೆಯ ಹೊತ್ತಿಗೆ ಪುತ್ತೂರಿನಲ್ಲಿದ್ದೆವು.

ನಮ್ಮ ತಂಡದ ಮೊದಲ ಪಂದ್ಯ ಮಧ್ಯಾಹ್ನ ಎರಡಕ್ಕೆ ಎಂದಿದ್ದದ್ದು ಶುರುವಾದಾಗ ನಾಲ್ಕು ದಾಟಿತ್ತು. ಆ ನಡುವಿನ ಹೊತ್ತಿನಲ್ಲಿ ಹುಡುಗಿಯರನ್ನು ಮಾತಿಗೆಳೆಯದಿರುವುದು ನಾವು ಕಟ್ಟುನಿಟ್ಟಾಗಿ ಪಾಲಿಸುವ ನಿಯಮ. ಬಂದಿದ್ದೇವೆ ಎಂದು ದೂರದಿಂದ ಕೈಬೀಸಿದರೆ ಸಾಕು. ತಂಡದ ಊಟ, ನೀರು, ವಿಶ್ರಾಂತಿ ಎಲ್ಲಕ್ಕೂ ಕೋಚ್ ಒಂದು ಲೆಕ್ಕ ಇಟ್ಟಿರುತ್ತಾರೆ. ಪ್ರೀತಿಯಿಂದಲೇ ಆದರೂ ಗೋಳಿಬಜೆಯ ಪೊಟ್ಟಣ ಹಿಡಿದು ನುಗ್ಗಿದರೆ ಆ ಲೆಕ್ಕ ಕೆಡುತ್ತದೆ. ನಾವು ಒಯ್ದ ಬಾಳೆಹಣ್ಣು, ಕಡಲೆಬೀಜದ ಚಿಕ್ಕಿ, ಎಳನೀರನ್ನು ಪಿ.ಡಿ. ಮೇಡಂ ಕೈಗೆ ಒಪ್ಪಿಸಿದೆವು. ಯಾವಾಗ ಯಾರಿಗೆ ಕೊಡಬೇಕೆಂಬುದು ಅವರಿಗೆ ಬಿಟ್ಟದ್ದು.

ಕುಳಿತುಕೊಳ್ಳುವ ಜಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹೆಚ್ಚಿನವರು ನಡುಗೆರೆಯ ನೇರಕ್ಕೆ, ಅಂಕಪಟ್ಟಿಯ ಎದುರು ಕೂರುತ್ತಾರೆ. ಅಲ್ಲಿಂದ ದಾಳಿಗಾರ್ತಿ ಮರಳಿ ಬಂದು ಗೆರೆ ಮುಟ್ಟುವುದು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಕಬಡ್ಡಿಯ ಒಳಗುಟ್ಟು ಇರುವುದು ಹಿಡಿಯುವವರ ಸರಪಳಿಯಲ್ಲಿ. ಎರಡು ತುದಿಯ ಕಾರ್ನರುಗಳು, ಅವರ ಪಕ್ಕದ ಆಟಗಾರ್ತಿಯರು, ಇನ್ನೂ ನಡುವಿನತ್ತ ನಿಲ್ಲುವ ಕವರುಗಳು ಕೈಕೈ ಹಿಡಿದು ಹೇಗೆ ಅರ್ಧ ಹೆಜ್ಜೆ ಮುಂದೆ ಸರಿಯುತ್ತಾರೆ, ದಾಳಿಗಾರ್ತಿಯ ತೂಕ ಯಾವ ಕಾಲಿನ ಮೇಲೆ ಬಿದ್ದಾಗ ಕಾರ್ನರ್ ಹುಡುಗಿ ಪಾದಕ್ಕೆ ಕೈ ಹಾಕುತ್ತಾಳೆ ಎಂಬುದನ್ನು ನೋಡಬೇಕಾದರೆ ಹಿಂಗೆರೆಯ ಹಿಂದೆ, ಸ್ವಲ್ಪ ಎತ್ತರದಲ್ಲಿ ಕೂರಬೇಕು. ಆಗ ಎದುರಾಳಿ ದಾಳಿಗಾರ್ತಿ ನಮ್ಮ ಕಡೆಗೇ ಮುಖಮಾಡಿ ಬರುತ್ತಾಳೆ, ಆಕೆಯ ಕಣ್ಣು ಯಾರ ಮೇಲಿದೆ ಎಂಬುದೂ ತಿಳಿಯುತ್ತದೆ. ವಿರಾಮದ ಬಳಿಕ ತಂಡಗಳು ಬದಿ ಬದಲಿಸಿದಾಗ ನಾವೂ ಎದ್ದು ಆ ಬದಿಗೆ ಹೋಗುತ್ತೇವೆ.

ಕೂಗುವುದಕ್ಕೂ ಒಂದು ಶಿಸ್ತು ಬೇಕು. ದಾಳಿಗೆ ಇರುವುದು 30 ಸೆಕೆಂಡು. ಪ್ರೇಕ್ಷಕರು ಉತ್ಸಾಹದಿಂದ ‘ಐದು, ನಾಲ್ಕು, ಮೂರು’ ಎಂದು ಎಣಿಸತೊಡಗಿದರೆ, ಆ ಎಣಿಕೆ ಒಂದೆರಡು ಸೆಕೆಂಡು ಹೆಚ್ಚುಕಡಿಮೆಯಾದರೂ ಅದನ್ನು ನಂಬಿದ ಹುಡುಗಿ ಅವಸರದಲ್ಲಿ ಕೈಚಾಚಿ ಸಿಕ್ಕಿಬೀಳುತ್ತಾಳೆ. ಎಣಿಕೆ ಬೆಂಚಿನವರ ಕೆಲಸ. ಅದೇ ರೀತಿ ‘ಹಿಡಿ’, ‘ಬಿಡು’, ‘ಬೋನಸ್ ತಗೋ’ ಎಂಬ ಸೂಚನೆಗಳನ್ನೂ ನಾವು ಕೂಗುವುದಿಲ್ಲ, ಏಕೆಂದರೆ ಅಂಕಣದೊಳಗೆ ಕೋಚ್ ಅವರ ಒಂದೇ ದನಿ ಕೇಳಿಸಬೇಕು. ದಾಳಿ ಶುರುವಾಗುವ ಮುನ್ನ ಹೆಸರು ಹಿಡಿದು ಕೂಗುತ್ತೇವೆ, ದಾಳಿ ನಡೆಯುವಾಗ ಮೌನವಾಗಿರುತ್ತೇವೆ, ಅಂಕ ಬಂದರೂ ಬರದಿದ್ದರೂ ಮುಗಿದ ಕೂಡಲೇ ಚಪ್ಪಾಳೆ ತಟ್ಟುತ್ತೇವೆ. ಕರಾವಳಿಯ ಪ್ರೇಕ್ಷಕರಿಗೆ ಈ ಆಟ ಚೆನ್ನಾಗಿ ಗೊತ್ತು. ರಾತ್ರಿಯಿಡೀ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳನ್ನು ನೋಡಿ ಬೆಳೆದವರು ಅವರು. ತಮ್ಮ ಊರಿನ ತಂಡದ ಪರವಾಗಿ ತುಳುವಿನಲ್ಲಿ ಹುರಿದುಂಬಿಸುತ್ತಿದ್ದವರೇ ನಮ್ಮ ಎಡ ಕಾರ್ನರ್ ಹುಡುಗಿಯ ದಾಳಿಗಾರ್ತಿಯ ಪಾದದ ಗಂಟು ಹಿಡಿದು ನಿಲ್ಲಿಸಿದ ಒಂದು ಅಚ್ಚುಕಟ್ಟಾದ ಆಂಕಲ್ ಹೋಲ್ಡ್‌ಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಉದಾರತೆ ನನಗೆ ಬಹಳ ಹಿಡಿಸಿತು.

ಶನಿವಾರದ ಎರಡೂ ಲೀಗ್ ಪಂದ್ಯಗಳನ್ನು ನಮ್ಮವರು ಗೆದ್ದರು. ಮೊದಲನೆಯದು ಸುಲಭದ ಗೆಲುವು. ಎರಡನೆಯದರಲ್ಲಿ ಎದುರಾಳಿಗಳು ವಿರಾಮಕ್ಕೆ ಮೊದಲೇ ನಮ್ಮವರನ್ನೆಲ್ಲ ಔಟ್ ಮಾಡಿ ಲೋನಾದ ಎರಡು ಹೆಚ್ಚುವರಿ ಅಂಕ ಪಡೆದಿದ್ದರು. ಆ ಬಳಿಕ ನಮ್ಮ ನಾಯಕಿ, ದಾಟಿದರೆ ಒಂದು ಅಂಕ ಕೊಡುವ ಬೋನಸ್ ಗೆರೆಯನ್ನೇ ಗುರಿಯಾಗಿಸಿಕೊಂಡಳು. ಎದುರು ಆರು ಮಂದಿಯಾದರೂ ಇದ್ದಾಗ ಮಾತ್ರ ಬೋನಸ್ ಸಿಗುವುದರಿಂದ, ಅವರ ಸಂಖ್ಯೆ ತುಂಬಿರುವಾಗಲೇ ಕಾಲು ಚಾಚಿ ಒಂದೊಂದೇ ಅಂಕ ಕೂಡಿಸುತ್ತ ಅಂತರ ಇಳಿಸಿದ ಆ ತಾಳ್ಮೆಯನ್ನು ನೋಡಲೆಂದೇ ಅಷ್ಟು ದೂರ ಹೋದದ್ದು ಸಾರ್ಥಕವೆನಿಸಿತು.

ಭಾನುವಾರ ಬೆಳಗ್ಗೆ ನೀರುದೋಸೆ ತಿಂದು ಮಹಾಲಿಂಗೇಶ್ವರ ದೇವಸ್ಥಾನಕ್ಕೆ ಹೋಗಿಬಂದೆವು. ಅದಕ್ಕಿಂತ ಹೆಚ್ಚಿನ ಪ್ರವಾಸವನ್ನು ಸೇರಿಸಿಕೊಳ್ಳಲಿಲ್ಲ. ಸುಬ್ರಹ್ಮಣ್ಯ ಹತ್ತಿರದಲ್ಲೇ ಇದೆಯಲ್ಲ ಎಂಬ ಮಾತು ಬಂದಿತ್ತು. ಪಂದ್ಯದ ಹೊತ್ತು ಖಚಿತವಿಲ್ಲದ ದಿನ ಅಂಕಣದಿಂದ ಅರ್ಧ ಗಂಟೆಗಿಂತ ದೂರ ಹೋಗಕೂಡದು ಎಂದು ನಾನು ಒಪ್ಪಲಿಲ್ಲ.

ಸೆಮಿಫೈನಲ್ ಕರಾವಳಿಯದೇ ಒಂದು ಬಲಿಷ್ಠ ತಂಡದ ವಿರುದ್ಧ. ಕೊನೆಯ ನಿಮಿಷಗಳಲ್ಲಿ ನಮ್ಮ ಕಡೆ ಉಳಿದಿದ್ದವರು ಮೂವರೇ. ಅಷ್ಟು ಕಡಿಮೆ ಮಂದಿ ಇರುವಾಗ ದಾಳಿಗಾರ್ತಿಯನ್ನು ಹಿಡಿದರೆ ಸೂಪರ್ ಟ್ಯಾಕಲ್ ಎಂದು ಎರಡು ಅಂಕ ಬರುತ್ತದೆ. ಎದುರಾಳಿಗಳಿಗೆ ಅದು ಚೆನ್ನಾಗಿ ಗೊತ್ತಿದ್ದುದರಿಂದ ಅವರು ಎರಡು ದಾಳಿಗಳನ್ನು ಏನೂ ಮಾಡದೆ ಖಾಲಿ ಬಿಟ್ಟರು. ಮೂರನೆಯ ದಾಳಿಯಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರ್ತಿಯೇ ಔಟ್. ಬಂದ ಹುಡುಗಿಯನ್ನು ನಮ್ಮ ಮೂವರೂ ಒಟ್ಟಿಗೆ ಹಿಡಿದು ಕೆಡವಿದರು, ಎರಡು ಅಂಕ ಬಂತು. ಆದರೂ ಪಂದ್ಯ ಮುಗಿದಾಗ ನಾವು ಎರಡು ಅಂಕ ಹಿಂದಿದ್ದೆವು. ಹುಡುಗಿಯರು ಎದುರಾಳಿಗಳ ಕೈಕುಲುಕಿ, ಮ್ಯಾಟಿಗೆ ನಮಸ್ಕರಿಸಿ ಹೊರಬಂದರು. ಆಗಲೂ ನಾವು ಕೂಡಲೇ ಬಳಿಗೆ ಹೋಗಲಿಲ್ಲ. ಕೋಚ್ ಅವರ ಮಾತು ಮುಗಿದ ಮೇಲೆ ಹೋಗಿ ಒಬ್ಬೊಬ್ಬರ ಹೆಸರು ಹೇಳಿ, ಅವರವರು ಮಾಡಿದ ಒಂದೊಂದು ಒಳ್ಳೆಯ ಹಿಡಿತವನ್ನೋ ದಾಳಿಯನ್ನೋ ನೆನಪಿಸಿ ಮಾತಾಡಿದೆವು. ‘ಚೆನ್ನಾಗಿ ಆಡಿದಿರಿ’ ಎಂಬ ಬಾಯಿಮಾತಿಗಿಂತ ‘ಎರಡನೆಯ ಅವಧಿಯಲ್ಲಿ ನೀನು ಕವರಿನಿಂದ ಬಂದು ಕೊಟ್ಟ ಡ್ಯಾಶ್’ (ಮೈಯಿಂದ ಗುದ್ದಿ ಅಂಕಣದಾಚೆ ತಳ್ಳುವುದು) ಎಂದು ನಿಖರವಾಗಿ ಹೇಳಿದಾಗ ಅವರ ಮುಖ ಅರಳುತ್ತದೆ. ನಾವು ನಿಜವಾಗಿ ನೋಡಿದ್ದೇವೆಂಬುದು ಅವರಿಗೆ ಖಾತ್ರಿಯಾಗುತ್ತದೆ.

ಎಲ್ಲ ಪಂದ್ಯಗಳನ್ನೂ ನಾವು ಹಿಂಗೆರೆಯ ಹಿಂದಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದ್ದೆವು. ಇದಕ್ಕೆ ಸಣ್ಣದೊಂದು ಟ್ರೈಪಾಡ್, ಪವರ್ ಬ್ಯಾಂಕ್, ಫೋನಿನಲ್ಲಿ ಸಾಕಷ್ಟು ಖಾಲಿ ಜಾಗ ಬೇಕು. ಫೋನನ್ನು ಅಡ್ಡಲಾಗಿ ನಿಲ್ಲಿಸಿ, ಹಿಗ್ಗಿಸುವುದು ಕುಗ್ಗಿಸುವುದು ಏನೂ ಮಾಡದೆ, ಇಡೀ ಅಂಕಣ ಕಾಣುವಂತೆ ಇಟ್ಟುಬಿಡಬೇಕು. ಚಿತ್ರೀಕರಣಕ್ಕೆ ಪಿ.ಡಿ. ಮೇಡಂ ಹಾಗೂ ಸಂಘಟಕರ ಒಪ್ಪಿಗೆ ಮೊದಲೇ ಪಡೆದಿದ್ದೆವು. ಆ ದೃಶ್ಯಗಳನ್ನು ಕೋಚ್ ಅವರಿಗೂ ಆಟಗಾರ್ತಿಯರ ಮನೆಯವರಿಗೂ ಬಿಟ್ಟು ಬೇರೆಲ್ಲಿಯೂ ಹಾಕುವುದಿಲ್ಲ. ಹೆಣ್ಣುಮಕ್ಕಳ ಆಟದ ತುಣುಕುಗಳ ಕೆಳಗೆ ಜನ ಬರೆಯುವ ಮಾತುಗಳನ್ನು ಕಂಡವರಿಗೆ ಈ ಎಚ್ಚರದ ಕಾರಣವನ್ನು ವಿವರಿಸಬೇಕಾಗಿಲ್ಲ.

ಸೆಮಿಫೈನಲ್ ಮುಗಿದಾಗ ಗಂಟೆ ನಾಲ್ಕಾಗಿದ್ದರಿಂದ ಮೊದಲಿನ ತೀರ್ಮಾನದಂತೆ ಅಂದು ಹೊರಡಲಿಲ್ಲ. ದೀಪಗಳ ಬೆಳಕಿನಲ್ಲಿ ನಡೆದ ಫೈನಲನ್ನು ನಮ್ಮ ತಂಡದವರ ಪಕ್ಕದಲ್ಲೇ ಕುಳಿತು ನೋಡಿದೆವು. ತಮ್ಮನ್ನು ಸೋಲಿಸಿದ ತಂಡದ ಬಲ ಕಾರ್ನರ್ ಹುಡುಗಿ ಯಾವಾಗ ಮುನ್ನುಗ್ಗುತ್ತಾಳೆ ಎಂಬುದನ್ನು ನಮ್ಮ ಹುಡುಗಿಯರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು.

ಸೋಮವಾರ ಬೆಳಗ್ಗೆ ಐದಕ್ಕೆ ಪುತ್ತೂರು ಬಿಟ್ಟು, ಬೆಳಕು ಹರಿಯುವ ಹೊತ್ತಿಗೆ ಘಾಟಿಯ ಬುಡದಲ್ಲಿದ್ದು, ಮಧ್ಯಾಹ್ನದೊಳಗೆ ಬೆಂಗಳೂರು ಸೇರಿದೆವು. ಹೋಗಿಬರಲು 620ರಿಂದ 650 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ 40ರಿಂದ 45 ಲೀಟರ್ ಪೆಟ್ರೋಲ್ ಬೇಕು. ಪೆಟ್ರೋಲ್, ಟೋಲ್, ಕೋಣೆಯ ಬಾಡಿಗೆಯನ್ನು ನಾಲ್ಕು ಪಾಲು ಮಾಡಿಕೊಂಡೆವು. ಮುಂದಿನ ಬಾರಿ ತಂಡ ಪರವೂರಿಗೆ ಹೊರಟಾಗ ಚೀಟಿ ಎತ್ತಿದ ಪಟ್ಟಿ ಅಂದೇ ರಾತ್ರಿ ನಮಗೂ ಸಿಗುವಂತೆ, ನಮ್ಮಲ್ಲೊಬ್ಬಳನ್ನು ತಂಡದ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಲು ಪಿ.ಡಿ. ಮೇಡಂ ಒಪ್ಪಿದ್ದಾರೆ.