ಈಗ ಯಾವ ಟೀಮಲೇ ನಿಂದು?

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಸಂಬಳ ಎಷ್ಟು, ಮನೆ ಸ್ವಂತದ್ದಾ ಅಂತ ಕೇಳೋಕೂ ಮೊದಲೇ ಬರುತ್ತದೆ. ಬಳ್ಳಾರಿಯ ಸತ್ಯನಾರಾಯಣ ಪೇಟೆಯಲ್ಲಿ ನಮ್ಮ ಮನೆ. ಅಲ್ಲೇ ಮೂಲೆಯ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ಹೇಳಿ ಕೂತರೆ ಸಾಕು, ಹಳೇ ಗೆಳೆಯರಲ್ಲಿ ಒಬ್ಬನಾದರೂ ಕೇಳಿಯೇ ಕೇಳುತ್ತಾನೆ: "ಈಗ ಯಾವ ಟೀಮಲೇ ನಿಂದು?" ನಾನು 2016ರಿಂದ ನ್ಯೂಜಿಲೆಂಡಿನಲ್ಲಿದ್ದೇನೆ, ವೆಲ್ಲಿಂಗ್ಟನ್ ಪಕ್ಕದ ಲೋಯರ್ ಹಟ್‌ನಲ್ಲಿ. ಮೊದಮೊದಲು ಥಟ್ ಅಂತ ಉತ್ತರ ಕೊಡುತ್ತಿದ್ದೆ. ಈಗ ಮಿರ್ಚಿ ಕಚ್ಚಿ, ನೀರು ಕುಡಿದು, ನಿಧಾನಕ್ಕೆ ಹೇಳುತ್ತೇನೆ.

ನಿಜ ಹೇಳಬೇಕಂದ್ರೆ ನಮ್ಮ ಮನೆಯಲ್ಲಿ ಮೊದಲಿಂದಲೂ ಎರಡು ಟೀಮು. ಅಮ್ಮನ ತವರು ಆದೋನಿ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬಿತ್ತು, ನೆಂಟಸ್ತಿಕೆ ನಿಲ್ಲಲಿಲ್ಲ. ಹಾಗಾಗಿ ಅಪ್ಪ ಆರ್‌ಸಿಬಿ, ಮಾವ ಹೈದರಾಬಾದು. 2009ರ ಐಪಿಎಲ್ ಫೈನಲಿನಲ್ಲಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಆರ್‌ಸಿಬಿ ಮೇಲೆ 6 ರನ್ನಿನಿಂದ ಗೆದ್ದಾಗ ಮಾವ ನಮ್ಮನೆಗೇ ಬಂದು ಸ್ವೀಟು ಹಂಚಿದ. 2016ರ ಫೈನಲಿನಲ್ಲಿ ಹೈದರಾಬಾದಿನ ಸನ್‌ರೈಸರ್ಸ್ ಮತ್ತೆ ಆರ್‌ಸಿಬಿ ಮೇಲೆ, ಬೆಂಗಳೂರಿನ ಚಿನ್ನಸ್ವಾಮಿಯಲ್ಲೇ 8 ರನ್ನಿನಿಂದ ಗೆದ್ದಾಗ ಸ್ವೀಟು ತರಲಿಲ್ಲ. ಅಪ್ಪನ ಮುಖ ನೋಡಿ ಅವನಿಗೇ ಪಾಪ ಅನಿಸಿರಬೇಕು. ಆದರೆ ಇಂಡಿಯಾ ಆಡಿದರೆ ಇಬ್ಬರೂ ಒಂದೇ ಮಂಚದ ಮೇಲೆ.

ನ್ಯೂಜಿಲೆಂಡ್ ನಮ್ಮ ಮನೆಗೆ ಬಂದದ್ದು ಬೆಳಗಿನ ಜಾವದ ಟಿವಿಯಲ್ಲಿ. ಇಂಡಿಯಾ ಅಲ್ಲಿಗೆ ಹೋದರೆ ಅಪ್ಪ ಅಲಾರಾಂ ಇಟ್ಟು ಏಳುತ್ತಿದ್ದರು. 2009ರ ನೇಪಿಯರ್ ಟೆಸ್ಟು ಚೆನ್ನಾಗಿ ನೆನಪಿದೆ. ಮೊದಲ ಇನಿಂಗ್ಸಿನಲ್ಲಿ ತೀರಾ ಹಿಂದೆ ಬಿದ್ದ ಇಂಡಿಯಾಕ್ಕೆ ಫಾಲೋ ಆನ್ ಆಗಿತ್ತು, ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಿತ್ತು. ಗಂಭೀರ್ ಹತ್ತು ಗಂಟೆಗೂ ಜಾಸ್ತಿ ಹೊತ್ತು ನಿಂತು 137 ಹೊಡೆದ. ಹೊರಗೆ ಬಳ್ಳಾರಿಯ ಮಾರ್ಚ್ ಬಿಸಿಲು. ಟಿವಿಯಲ್ಲಿ ಹಸಿರು ಹುಲ್ಲು, ಸ್ವೆಟರು ಹಾಕಿಕೊಂಡ ಜನ. ಅಲ್ಲಿ ಹೋಗಿ ಇರುತ್ತೇನೆ ಅಂತ ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಹೋದ ಮೇಲೆ ಮೊದಲು ಕೈಕೊಟ್ಟಿದ್ದು ಗಡಿಯಾರ. ನ್ಯೂಜಿಲೆಂಡ್ ನಮಗಿಂತ ಆರೂವರೆ ಗಂಟೆ ಮುಂದೆ, ಅವರ ಬೇಸಿಗೆಯಲ್ಲಿ ಏಳೂವರೆ. ಐಪಿಎಲ್ ಇಲ್ಲಿ ಸಂಜೆ ಏಳೂವರೆಗೆ ಶುರುವಾದರೆ ನನಗೆ ರಾತ್ರಿ ಎರಡೋ ಮೂರೋ. ಮೊದಲ ವರ್ಷ ಎಲ್ಲವನ್ನೂ ನೋಡಲು ಹೋಗಿ ಆಫೀಸಿನ ಮೀಟಿಂಗಿನಲ್ಲಿ ತೂಕಡಿಸಿದೆ. ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಇಂಡಿಯಾದಲ್ಲಿ ನಡೆಯುವ ಟೆಸ್ಟು ಪೂರ್ತಿ ನೋಡಬಹುದು. ಸಂಜೆ ಕೆಲಸ ಮುಗಿಸಿ ಬರುವಾಗ ಶುರು, ನಮ್ಮ ರಾತ್ರಿ ಊಟಕ್ಕೆ ಅವರ ಲಂಚು, ಮಲಗುವ ಹೊತ್ತಿಗೆ ಸ್ಟಂಪ್ಸ್, ಅಂದರೆ ದಿನದಾಟ ಮುಕ್ತಾಯ. ಒಂದು ದಿನದ ಮ್ಯಾಚಾದರೆ ಮೊದಲ ಹತ್ತು ಓವರ್ ನೋಡಿ ಮಲಗುವುದು, ನಾಲ್ಕೂವರೆಗೆ ಎದ್ದು ಕೊನೆಯದು ನೋಡುವುದು. ಐಪಿಎಲ್ ಬೆಳಿಗ್ಗೆ ಹೈಲೈಟ್ಸಿನಲ್ಲಿ ಮಾತ್ರ. ಅದೂ ಫೋನನ್ನು ಅಡುಗೆಮನೆಯಲ್ಲಿ ಮಗುಚಿ ಇಟ್ಟಿದ್ದರೆ. ಇಲ್ಲದಿದ್ದರೆ ಎದ್ದ ತಕ್ಷಣ ಮಾವನ ಮೆಸೇಜೇ ಸ್ಕೋರು ಹೇಳಿಬಿಡುತ್ತದೆ.

ಇನ್ನೊಂದು ತಾಪತ್ರಯ ಯಾರೂ ಮೊದಲೇ ಹೇಳಿರಲಿಲ್ಲ. ಅಪ್ಪನದು ಡಿಶ್ ಟಿವಿ, ನನ್ನದು ಇಂಟರ್ನೆಟ್ಟು. ನನ್ನ ಸ್ಕ್ರೀನು ಅರ್ಧ ನಿಮಿಷ ಹಿಂದೆ. ಫೋನಿನಲ್ಲಿ ಮಾತಾಡುತ್ತಾ ನೋಡುವಾಗ ಅಪ್ಪ "ಅಯ್ಯಯ್ಯೋ" ಅಂದರೆ, ನನ್ನ ಕಡೆ ಬೌಲರ್ ಇನ್ನೂ ಪ್ಯಾಂಟಿಗೆ ಚೆಂಡು ಉಜ್ಜುತ್ತಿರುತ್ತಿದ್ದ. ಎರಡು ಸಲ ಜಗಳವೇ ಆಯಿತು. ಕೊನೆಗೆ ಒಪ್ಪಂದ: ಪ್ರತಿ ಬಾಲಿಗೂ ನಾನು ಬಾಯಿ ಬಿಟ್ಟ ಮೇಲೇ ಅಪ್ಪ ಬಾಯಿ ಬಿಡಬೇಕು. ಅವರಿಗೆ ಇದು ಬಹಳ ಕಷ್ಟ.

ಟೀಮಿನ ವಿಷಯ. ಮೊದಲು ಸುಲಭದ ಲೆಕ್ಕ ಇಟ್ಟುಕೊಂಡಿದ್ದೆ. ಇಂಡಿಯಾ ಆಡಿದರೆ ಇಂಡಿಯಾ. ಬೇರೆ ಯಾರ ಎದುರಾದರೂ ನ್ಯೂಜಿಲೆಂಡ್. ಉಂಡ ಮನೆಗೆ ಅಷ್ಟಾದರೂ ಮಾಡಬೇಕಲ್ಲ. ಈ ಲೆಕ್ಕದಲ್ಲಿ ಪ್ರೀತಿ ಏನಿರಲಿಲ್ಲ, ಬರೀ ಮರ್ಯಾದೆ ಇತ್ತು.

ಪ್ರೀತಿ ಹುಟ್ಟಿದ್ದು ಆಡಲು ಹೋದ ಮೇಲೆ. ಶನಿವಾರದ ಕ್ಲಬ್ ಕ್ರಿಕೆಟ್, ಅದರಲ್ಲೂ ಕೆಳಗಿನ ಗ್ರೇಡು. ಹೊಟ್ಟೆ ಬಂದವರು, ಮೊಣಕಾಲು ಹೋದವರು ಆಡುವ ಮಟ್ಟ. ಬಳ್ಳಾರಿಯಲ್ಲಿ ನಾನು ಕಲಿತದ್ದು ಕೆಂಪು ಮಣ್ಣಿನ ಮೈದಾನ, ಟೆನಿಸ್ ಬಾಲು, ಕಣ್ಣು ಮುಚ್ಚಿ ಬೀಸುವ ಆಟ. ಅಲ್ಲಿ ಗಾಳಿ. ವೆಲ್ಲಿಂಗ್ಟನ್ನಿನ ಗಾಳಿಯನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಸ್ಟಂಪಿನ ಮೇಲಿನ ಬೇಲ್ಸ್ ತಾನಾಗಿಯೇ ಬಿದ್ದುಹೋಗುತ್ತವೆ. ಮೊದಲ ಮ್ಯಾಚಿನಲ್ಲಿ ಐವತ್ತು ದಾಟಿದ ಒಬ್ಬ ಪ್ಲಂಬರು ಬೌಲಿಂಗಿಗೆ ಬಂದ. ಸ್ಪೀಡೇ ಇಲ್ಲ. ಚೆಂಡು ಆಚೆ ಹೋಗುತ್ತೆ ಅಂತ ಬಿಟ್ಟೆ, ಒಳಗೆ ಬಂದು ಸ್ಟಂಪು ಕಿತ್ತಿತು. ಅವತ್ತಿಂದ ನ್ಯೂಜಿಲೆಂಡಿನ ಟಿಮ್ ಸೌದಿ, ಟ್ರೆಂಟ್ ಬೋಲ್ಟ್ ಹಾಕುವುದನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಟಿವಿಯಲ್ಲಿ ಇಷ್ಟು ವರ್ಷ ಅವರು ಸುಮ್ನೆ ಸಾಧಾರಣ ಬೌಲರುಗಳಂತೆ ಕಂಡಿದ್ದರು.

2019ರ ವಿಶ್ವಕಪ್ ಸೆಮಿಫೈನಲ್ ಗೊತ್ತಲ್ಲ, ಇಂಡಿಯಾ-ನ್ಯೂಜಿಲೆಂಡ್. ಮ್ಯಾಂಚೆಸ್ಟರಿನಲ್ಲಿ ಮಳೆ ಬಂದು ಎರಡನೇ ದಿನಕ್ಕೆ ಹೋಯಿತು. ಇಂಡಿಯಾಕ್ಕೆ ಬೇಕಾಗಿದ್ದದ್ದು 240. ರೋಹಿತ್, ಕೊಹ್ಲಿ, ನಮ್ಮ ರಾಹುಲ್ ಮೂವರೂ ತಲಾ ಒಂದು ರನ್. ಜಡೇಜಾ 77 ಹೊಡೆದು ಆಸೆ ಹುಟ್ಟಿಸಿದ. ಆಮೇಲೆ ನ್ಯೂಜಿಲೆಂಡಿನ ಗಪ್ಟಿಲ್ ನೇರ ಎಸೆದ, ಧೋನಿ ರನ್ ಔಟ್. ನನಗೆ ರಾತ್ರಿ ಎರಡರ ಹತ್ತಿರ. 18 ರನ್ನಿನ ಸೋಲು. ಅಪ್ಪ ಫೋನಿಟ್ಟರು. ಇಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗೇ ಇತ್ತು: ಇಂಡಿಯಾ ಸೋತಿತು, ನನಗೆ ದುಃಖವಾಯಿತು.

ಲೆಕ್ಕ ತಪ್ಪಿದ್ದು ನಾಲ್ಕು ದಿನ ಬಿಟ್ಟು. ಲಾರ್ಡ್ಸಿನ ನ್ಯೂಜಿಲೆಂಡ್-ಇಂಗ್ಲೆಂಡ್ ಫೈನಲನ್ನು ಮರ್ಯಾದೆಗೆ ಸ್ವಲ್ಪ ನೋಡಿ ಮಲಗೋಣ ಅಂತ ಕೂತೆ. ಬೆಳಗಾಯಿತು. ಕೊನೆಯ ಓವರಿನಲ್ಲಿ ಗಪ್ಟಿಲ್ ಎಸೆದ ಚೆಂಡು ಡೈವ್ ಹೊಡೆದ ಇಂಗ್ಲೆಂಡಿನ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋಯಿತು, ಆರು ರನ್ ಕೊಟ್ಟರು. ಆ ಸ್ಟೋಕ್ಸ್ ಹುಟ್ಟಿದ್ದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲೇ, ನೋಡಿ. ಮ್ಯಾಚು ಟೈ, ಅದನ್ನು ಬಿಡಿಸಲು ಇಬ್ಬರಿಗೂ ಒಂದೊಂದು ಕೊಟ್ಟ ಸೂಪರ್ ಓವರೂ 15-15 ಟೈ, ಬೌಂಡರಿ ಯಾರದು ಜಾಸ್ತಿ ಅಂತ ಎಣಿಸಿ ಇಂಗ್ಲೆಂಡಿಗೆ ಕಪ್ಪು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸೆಮಿಫೈನಲಿಗೆ ಬಂದಿರಲಿಲ್ಲ! ಹೆಂಡತಿ ಚಹಾ ತಂದವಳು ನನ್ನನ್ನೇ ನೋಡಿದಳು. "ನಿದ್ದೆ ಇಲ್ಲ, ಕಣ್ಣು ಉರೀತಿದೆ" ಅಂದೆ.

ಹಾಗಂತ ಪಕ್ಷ ಬದಲಾಯಿತು ಅಂತಲ್ಲ. ಮುಂದಿನ ಜನವರಿಯಲ್ಲಿ ಇಂಡಿಯಾ ವೆಲ್ಲಿಂಗ್ಟನ್ನಿಗೇ ಟಿ20ಗೆ ಬಂತು. ಸ್ಟೇಡಿಯಂ ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡೇ ಇದೆ, ಹಟ್‌ನಿಂದ ರೈಲು ಹತ್ತಿದರೆ ಆಯಿತು. ಯಾವ ಅಂಗಿ ಹಾಕಬೇಕು ಅಂತ ಕಪಾಟಿನ ಎದುರು ಹತ್ತು ನಿಮಿಷ ನಿಂತೆ. ಕೊನೆಗೆ ಇಂಡಿಯಾದ ನೀಲಿ ಬಣ್ಣದ ಟೀ ಶರ್ಟು, ಮೇಲೆ ನ್ಯೂಜಿಲೆಂಡಿನ ಕಪ್ಪು ಬಣ್ಣದ ಜಾಕೆಟು. ಮನೀಶ್ ಪಾಂಡೆ ಔಟಾಗದೆ 50 ಹೊಡೆದ. ನ್ಯೂಜಿಲೆಂಡಿಗೆ ಕೊನೆಯ ಓವರಿನಲ್ಲಿ 7 ರನ್ ಬೇಕಿತ್ತು, ನಾಲ್ಕು ವಿಕೆಟ್ ಬಿದ್ದು ಟೈ ಆಯಿತು. ಸೂಪರ್ ಓವರಿನ ಮೊದಲ ಎರಡು ಬಾಲಿಗೆ ರಾಹುಲ್ ಸಿಕ್ಸು, ಫೋರು. ಆ ಚಳಿಯಲ್ಲಿ ಜಾಕೆಟು ಯಾವಾಗ ಬಿಚ್ಚಿದೆನೋ ಗೊತ್ತೇ ಆಗಲಿಲ್ಲ. ಕರ್ನಾಟಕದ ಇಬ್ಬರು ಸೇರಿ ಗೆಲ್ಲಿಸಿದರೆ ಬಳ್ಳಾರಿಯವನು ಏನು ಮಾಡಬೇಕು, ಹೇಳಿ? ವಾಪಸು ರೈಲಿನಲ್ಲಿ ಎದುರಿಗೆ ಕಪ್ಪು ಟೋಪಿಯ ಹುಡುಗನೊಬ್ಬ ಸಪ್ಪಗೆ ಕೂತಿದ್ದ. ಜಾಕೆಟಿನ ಜಿಪ್ಪು ಮೇಲೆಳೆದುಕೊಂಡೆ.

ಆಮೇಲೆ ಒಂದು ವಿಷಯ ಗಮನಿಸಿದೆ. ಅಲ್ಲಿಯ ಟೀಮಿನಲ್ಲೇ ಅರ್ಧ ಜನ ನನ್ನಂಥವರು. ಮುಂಬೈಯಲ್ಲಿ ಹುಟ್ಟಿದ ಏಜಾಜ್ ಪಟೇಲ್ 2021ರಲ್ಲಿ ಅದೇ ಮುಂಬೈಗೆ ಬಂದು ಒಂದೇ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ತೆಗೆದ. ಸೋಧಿ ಲುಧಿಯಾನದವನು. ಕಾನ್ವೇ ಜೋಹಾನ್ಸ್‌ಬರ್ಗಿನಲ್ಲಿ ಮನೆ, ಕಾರು ಮಾರಿ ವೆಲ್ಲಿಂಗ್ಟನ್ನಿಗೆ ಬಂದವನು. ಇನ್ನು ರಚಿನ್ ರವೀಂದ್ರ ಹುಟ್ಟಿದ್ದು ವೆಲ್ಲಿಂಗ್ಟನ್ನಿನಲ್ಲಿ, ಅಪ್ಪ ಅಮ್ಮ ಬೆಂಗಳೂರಿನವರು. ಅವನ ಅಪ್ಪ ನಮ್ಮ ಹಟ್‌ನಲ್ಲೇ ಹಟ್ ಹಾಕ್ಸ್ ಅಂತ ಕ್ಲಬ್ ಕಟ್ಟಿ, ಹುಡುಗರನ್ನು ಆಡಿಸಲು ಅನಂತಪುರಕ್ಕೆ ಕರೆದುಕೊಂಡು ಬರುತ್ತಿದ್ದರು. ರಚಿನ್ ಕೂಡ ಅಲ್ಲಿ ಆಡಿದವನೇ. ಅನಂತಪುರ ಅಂದರೆ ಬಳ್ಳಾರಿಗೆ ಪಕ್ಕದ ಊರು. ಇದನ್ನು ಹೇಳಿದಾಗ ಅಪ್ಪ ನಂಬಲೇ ಇಲ್ಲ.

2024ರ ಅಕ್ಟೋಬರಿನಲ್ಲಿ ದಸರಾಕ್ಕೆ ಊರಿಗೆ ಬಂದಿದ್ದೆವು. ಇಂಡಿಯಾ-ನ್ಯೂಜಿಲೆಂಡ್ ಬೆಂಗಳೂರು ಟೆಸ್ಟಿಗೆ ಸ್ಟೇಡಿಯಮ್ಮಿಗೇ ಹೋಗೋಣ ಅಂದೆ. ಮಳೆ ಅಂತೆ, ಬೇಡ ಅಂದರು ಅಪ್ಪ. ಮೊದಲ ದಿನ ಪೂರ್ತಿ ಮಳೆಗೇ ಹೋಯಿತು. ಎರಡನೇ ದಿನ ಮಾವನೂ ಆದೋನಿಯಿಂದ ಬಂದ. ಎಲ್ಲರೂ ಮಂಚದ ಮೇಲೆ. ಇಂಡಿಯಾ 46ಕ್ಕೆ ಆಲ್ ಔಟ್! ಐದು ಜನ ಸೊನ್ನೆ. ಮಾವ ರಿಮೋಟ್ ತಗೊಂಡು ಟಿವಿ ಆಫ್ ಮಾಡಿದ. ಏಳು ವರ್ಷದ ನನ್ನ ಮಗಳು ಮೆಲ್ಲಗೆ ಕೇಳಿದಳು, "ತಾತ, ಇನ್ನು ನಮ್ಮೋರ ಬ್ಯಾಟಿಂಗು. ಹಾಕ್ತೀರಾ?"

ಮನೆ ಗಪ್ಪಾಯಿತು. ನಮ್ಮೋರು. ನಾನು ಗೋಡೆ ಕಡೆ ನೋಡಿದೆ. ಅಪ್ಪ ಮಾವನ ಕೈಯಿಂದ ರಿಮೋಟ್ ಇಸಕೊಂಡು, "ಹಾಕು ಹಾಕು, ಮಗು ನೋಡ್ತೈತೆ" ಅಂತ ತಾವೇ ಹಾಕಿದರು. ಕಾನ್ವೇ 91ಕ್ಕೆ ಔಟಾದಾಗ ಅವಳಿಗೆ ಅಳು. ಮರುದಿನ ರಚಿನ್ ನೂರು ಹೊಡೆದ, 134ರವರೆಗೆ ಹೋದ. ನೂರಾದಾಗ ಅಪ್ಪ ಚಪ್ಪಾಳೆ ತಟ್ಟಿದರು. "ಏನ್ ಭಾವ, ನೀವೂನಾ?" ಅಂದ ಮಾವ. "ಬೆಂಗಳೂರ ಹುಡುಗ ಕಣೋ. ನಮ್ಮ ಅನಂತಪುರದಾಗ ಆಡ್ಯಾನ" ಅಂದರು ಅಪ್ಪ, ಎಷ್ಟೋ ವರ್ಷದಿಂದ ತಮಗೇ ಗೊತ್ತಿದ್ದವರ ಹಾಗೆ. ನ್ಯೂಜಿಲೆಂಡ್ 8 ವಿಕೆಟ್ಟಿನಿಂದ ಗೆದ್ದಿತು. 1988ರ ನಂತರ ಇಂಡಿಯಾದಲ್ಲಿ ಅವರ ಮೊದಲ ಟೆಸ್ಟ್ ಗೆಲುವು. ಪುಣೆ, ಮುಂಬೈ ಟೆಸ್ಟುಗಳನ್ನು ವಾಪಸು ಹೋಗಿ ನೋಡಿದೆ. ಇಂಡಿಯಾ ಮೂರಕ್ಕೆ ಮೂರೂ ಸೋತಾಗ ಮಾತ್ರ ನನಗೆ ಹೊಟ್ಟೆಯಲ್ಲಿ ಸಂಕಟವೇ ಆಯಿತು. ಒಂದು ಸಾಕಿತ್ತು.

ಹಾಗಾಗಿ ಈಗ ಹೋಟೆಲಿನಲ್ಲಿ ಕೇಳಿದರೆ ನಿಧಾನಕ್ಕೆ ಹೇಳುವುದು ಇಷ್ಟು: ಇಂಡಿಯಾ ಗೆಲ್ಲಬೇಕು, ರಚಿನ್ ನೂರು ಹೊಡೆಯಬೇಕು. "ಎರಡೂ ದೋಣಿ ಮೇಲೆ ಕಾಲು" ಅಂತಾರೆ. ಇರಲಿ ಬಿಡಿ.

2025ರ ಮಾರ್ಚ್ 9, ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್, ಮತ್ತೆ ಇದೇ ಎರಡು ಟೀಮು. ನನಗೆ ರಾತ್ರಿ ಹತ್ತಕ್ಕೆ ಶುರು. ಮಗಳನ್ನು ಬೈದು ಮಲಗಿಸಿದೆ. ಕೊನೆಯ ಓವರುಗಳ ಹೊತ್ತಿಗೆ ಬೆಳಗಿನ ಐದು ದಾಟಿತ್ತು. ಅಪ್ಪ ಫೋನಿನಲ್ಲಿದ್ದರು, ಒಪ್ಪಂದದ ಪ್ರಕಾರ ತುಟಿ ಬಿಗಿಹಿಡಿದು. ನನ್ನ ಸ್ಕ್ರೀನಿನಲ್ಲಿ ಜಡೇಜಾ ಇನ್ನೂ ಗ್ಲೌಸು ಸರಿಮಾಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಫೋನಿನ ಆ ಕಡೆ ಸತ್ಯನಾರಾಯಣ ಪೇಟೆಯ ಪಟಾಕಿ ಸದ್ದು ಶುರುವಾಯಿತು.

"ನಾನೇನೂ ಹೇಳಿಲ್ಲಪ್ಪಾ" ಅಂದರು ಅಪ್ಪ.

ಮಗಳು ಎದ್ದು ಬಂದು ಯಾರು ಗೆದ್ದರು ಅಂತ ಕೇಳಲೇ ಇಲ್ಲ. "ರಚಿನ್ ಎಷ್ಟು?" ಅಂದಳು. 37 ಅಂದೆ.